ಗೋಲ್ಡ್‌ಬಾಲ್ಸ್‌ನ ಚಿನ್ನದ ಚೆಂಡುಗಳು

ಎಕ್ಸ್-ಮೆನ್ ಕಾಮಿಕ್ಸ್ ಓದುವುದನ್ನು ಬಿಟ್ಟು ಎಷ್ಟೋ ವರ್ಷವಾಗಿತ್ತು. ಬೇಜಾರಾಗಿದ್ದು ಒಂದೇ ಕಾರಣಕ್ಕೆ. ಅದರಲ್ಲಿ ಸತ್ತವರು ಸತ್ತ ಹಾಗೆ ಇರುವುದಿಲ್ಲ. ಒಬ್ಬರಿಗಾಗಿ ಅತ್ತು ಮುಗಿಸುವಷ್ಟರಲ್ಲಿ ಅವರು ವಾಪಸ್ ಬಂದಿರುತ್ತಾರೆ.

ಹೋದ ತಿಂಗಳು ನನ್ನ ತಮ್ಮ ಮನೆಗೆ ಬಂದವನು ಒಂದು ದಪ್ಪ ಪುಸ್ತಕ ಮೇಜಿನ ಮೇಲಿಟ್ಟ. "ಅಕ್ಕಾ, ಇದೊಂದು ಓದು. ಆಮೇಲೆ ಬೇಕಾದ್ರೆ ಬೈ" ಅಂದ.

'ಹೌಸ್ ಆಫ್ ಎಕ್ಸ್' ಮತ್ತು 'ಪವರ್ಸ್ ಆಫ್ ಎಕ್ಸ್', ಎರಡೂ ಸೇರಿದ ಪುಸ್ತಕ. 2019ರ ಜುಲೈನಿಂದ ಅಕ್ಟೋಬರ್‌ವರೆಗೆ ವಾರಕ್ಕೊಂದರಂತೆ ಒಟ್ಟು 12 ಸಂಚಿಕೆ ಬಂದಿದ್ದವು. ಬರೆದವರು ಜೋನಾಥನ್ ಹಿಕ್‌ಮನ್. ಚಿತ್ರ ಬರೆದವರು ಪೆಪೆ ಲರಾಸ್ ಮತ್ತು ಆರ್. ಬಿ. ಸಿಲ್ವಾ. ನಡುನಡುವೆ ಬಿಳಿ ಹಾಳೆಯ ಮೇಲೆ ನಕ್ಷೆ, ಪಟ್ಟಿ, ಟಿಪ್ಪಣಿಗಳು. ಮೊದಲು ಅವನ್ನು ಸುಮ್ನೆ ತಿರುವಿಹಾಕಿದೆ. ತಪ್ಪು ಮಾಡಿದೆ. ಕಥೆಯ ಅರ್ಧ ಗುಟ್ಟು ಅಲ್ಲೇ ಇದೆ.

ಮ್ಯುಟೆಂಟ್‌ಗಳು ಅಂದರೆ ಹುಟ್ಟಿನಿಂದಲೇ ವಿಚಿತ್ರ ಶಕ್ತಿ ಇರುವವರು. ಎಕ್ಸ್-ಮೆನ್ ಅವರದೇ ತಂಡ. ಈ ಸಲ ಅವರು ತಂಡ ಕಟ್ಟಿದ ಪ್ರೊಫೆಸರ್ ಎಕ್ಸ್‌ನ ಶಾಲೆಯಲ್ಲಿ ಅಡಗಿ ಕೂತಿಲ್ಲ. ಕ್ರಾಕೋವಾ ಅನ್ನುವ ದ್ವೀಪದಲ್ಲಿ ತಮ್ಮದೇ ದೇಶ ಕಟ್ಟಿಕೊಂಡಿದ್ದಾರೆ. ತಮ್ಮದೇ ಭಾಷೆ, ತಮ್ಮದೇ ಲಿಪಿ. ದ್ವೀಪದ ಹೂವನ್ನು ಬೇರೆ ಊರಲ್ಲಿ ನೆಟ್ಟರೆ ಅದು ಬಾಗಿಲಾಗಿ ಬೆಳೆಯುತ್ತದೆ. ದಾಟಿದರೆ ಮನೆ. ನಿನ್ನೆಯವರೆಗೆ ಹೊಡೆದಾಡುತ್ತಿದ್ದ ಹಳೇ ಶತ್ರು ಮ್ಯಾಗ್ನೀಟೋ ಕೂಡ ಇಲ್ಲಿ ಮನೆಯವನೇ.

ಕ್ರಾಕೋವಾ ಹೊಸದೇನಲ್ಲ. 1970ರ ಹೊತ್ತಿಗೆ ಎಕ್ಸ್-ಮೆನ್ ಹೊಸ ಕಥೆಗಳು ನಿಂತು, ಹಳೆಯವನ್ನೇ ಮತ್ತೆ ಅಚ್ಚು ಹಾಕುತ್ತಿದ್ದರು. 1975ರಲ್ಲಿ ಲೆನ್ ವೀನ್ ಮತ್ತು ಡೇವ್ ಕಾಕ್ರಮ್ 'ಜೈಂಟ್-ಸೈಜ್ ಎಕ್ಸ್-ಮೆನ್' ತಂದು ತಂಡಕ್ಕೆ ಮರುಜೀವ ಕೊಟ್ಟರು. ಕೀನ್ಯಾದಿಂದ ಸ್ಟಾರ್ಮ್, ಜರ್ಮನಿಯಿಂದ ನೈಟ್‌ಕ್ರಾಲರ್, ಸೈಬೀರಿಯಾದಿಂದ ಕೊಲಾಸಸ್ ಬಂದಿದ್ದು ಆಗಲೇ. ಅವರೆಲ್ಲ ಸೇರಿ ಹೊಡೆದಾಡಿದ ರಾಕ್ಷಸನೇ ಈ ದ್ವೀಪ! ಮ್ಯುಟೆಂಟ್‌ಗಳ ಶಕ್ತಿಯನ್ನು ಹೀರಿ ಬದುಕುವ ಜೀವಂತ ದ್ವೀಪ.

ಮೊಯ್ರಾ ಅನ್ನುವ ಹಳೇ ಪಾತ್ರದ ಕಥೆಯೂ ಹೀಗೇ. 1975ರಲ್ಲಿ ಪ್ರೊಫೆಸರ್ ಮನೆಯ ಕೆಲಸ ನೋಡಿಕೊಳ್ಳಲು ಬಂದವಳು. ಆಮೇಲೆ ವಿಜ್ಞಾನಿ ಅಂತ ಗೊತ್ತಾಯಿತು. ಈಗ ನೋಡಿದರೆ ಅವಳೂ ಮ್ಯುಟೆಂಟ್. ಸತ್ತರೆ ಮತ್ತೆ ಅದೇ ತಾಯಿಯ ಹೊಟ್ಟೆಯಲ್ಲಿ, ಹಿಂದಿನದೆಲ್ಲ ನೆನಪಿಟ್ಟುಕೊಂಡು ಹುಟ್ಟುತ್ತಾಳೆ. ನಾವು ಇಷ್ಟು ವರ್ಷ ಓದಿದ್ದು ಅವಳ ಹತ್ತನೇ ಬದುಕು. ಮೊದಲ ಬದುಕಿನಲ್ಲಿ ಮದುವೆ, ಮಕ್ಕಳು, ವಯಸ್ಸಾಗಿ ಸಾವು. ಏನೂ ಆಗದ ಆ ಒಂದು ಬದುಕಿನ ಮೇಲೆ ನನಗೆ ಯಾಕೋ ಜಾಸ್ತಿ ಪ್ರೀತಿ.

ಪುಸ್ತಕದಲ್ಲಿ ಸಾವಿರ ವರ್ಷ ಮುಂದೆ ನಡೆಯುವ ಭಾಗ ಮಾತ್ರ ನನಗೆ ಹತ್ತಿರವಾಗಲಿಲ್ಲ. ಬುದ್ಧಿಗೆ ಕೆಲಸ ಇದೆ, ಆದರೆ ಎದೆಗೆ ತಾಗುವುದಿಲ್ಲ.

ಎದೆಗೆ ತಾಗಿದ್ದು 'ಹೌಸ್ ಆಫ್ ಎಕ್ಸ್' ಐದನೇ ಸಂಚಿಕೆ. ಅಲ್ಲಿ ಗೋಲ್ಡ್‌ಬಾಲ್ಸ್ ಅನ್ನುವ ಹುಡುಗನಿದ್ದಾನೆ. ಮೈಯಿಂದ ಚಿನ್ನದ ಬಣ್ಣದ ಚೆಂಡುಗಳು ಚಿಮ್ಮುವುದೇ ಅವನ ಶಕ್ತಿ. ಇದೂ ಒಂದು ಶಕ್ತಿಯಾ ಅಂತ ಎಲ್ಲರೂ ನಗುತ್ತಿದ್ದರು. ಈಗ ಗೊತ್ತಾಗುತ್ತದೆ, ಅವು ಚೆಂಡುಗಳಲ್ಲ, ಮೊಟ್ಟೆಗಳು. ಅವನೊಬ್ಬನಿಂದ ಏನೂ ಆಗುವುದಿಲ್ಲ. ಒಬ್ಬ ಆ ಮೊಟ್ಟೆಯನ್ನು ಮರಿಯಾಗಬಲ್ಲದ್ದನ್ನಾಗಿ ಮಾಡುತ್ತಾನೆ. ಇನ್ನೊಬ್ಬ ಜೀವ ಚಿಗುರಿಸುತ್ತಾನೆ. ಒಬ್ಬಳು ಅದಕ್ಕೆ ವಯಸ್ಸು ತುಂಬುತ್ತಾಳೆ. ಹೋಪ್ ಅನ್ನುವವಳು ಎಲ್ಲರ ಶಕ್ತಿಯನ್ನೂ ಕೂಡಿಸುತ್ತಾಳೆ. ಹೀಗೆ ಐವರು ಸೇರಿ ಸತ್ತ ಮ್ಯುಟೆಂಟ್‌ಗಳನ್ನು ವಾಪಸ್ ತರುತ್ತಾರೆ. ಹಿಂದಿನ ಸಂಚಿಕೆಯಲ್ಲಷ್ಟೇ ಸೂರ್ಯನ ಹತ್ತಿರ ಸತ್ತ ತಂಡದ ಹಳಬರಾದ ಸೈಕ್ಲಾಪ್ಸ್, ಜೀನ್ ಎಲ್ಲ ಎದ್ದು ಬರುತ್ತಾರೆ. ಸ್ಟಾರ್ಮ್ ಅವರನ್ನು ಜನರ ಮುಂದೆ ನಿಲ್ಲಿಸಿ, ಇವರು ನಮ್ಮವರೇ ಎಂದು ಬರಮಾಡಿಕೊಳ್ಳುತ್ತಾಳೆ.

ನಾನು ಪುಸ್ತಕ ಕೆಳಗಿಟ್ಟು ಸ್ವಲ್ಪ ಹೊತ್ತು ಸುಮ್ಮನೆ ಕೂತೆ. ಸತ್ತವರು ವಾಪಸ್ ಬರುತ್ತಾರೆ ಅನ್ನುವುದೇ ಅಲ್ವಾ ನನ್ನ ಬೇಜಾರು? ಹಿಕ್‌ಮನ್ ಅದನ್ನು ಮುಚ್ಚಿಡಲಿಲ್ಲ. ಅದನ್ನೇ ಒಂದು ಜನಾಂಗದ ಹಬ್ಬ ಮಾಡಿಬಿಟ್ಟರು. ಅದೂ ಎಲ್ಲರೂ ನಕ್ಕ ಹುಡುಗನ ಕೈಯಿಂದ. ಹಳೆಯದನ್ನು ಅಳಿಸಿ ಹೊಸದಾಗಿ ಶುರು ಮಾಡುವವರು ಬೇಕಾದಷ್ಟಿದ್ದಾರೆ. ಮನೆಯಲ್ಲೇ ಮೂಲೆಗೆ ಬಿದ್ದ ಪಾತ್ರೆಯನ್ನು ತೊಳೆದು ನಡುಮನೆಗೆ ತರುವವರು ಕಡಿಮೆ.

ರಾತ್ರಿ ಅಟ್ಟದಿಂದ ಹಳೇ ಡಬ್ಬ ಇಳಿಸಿ 1975ರ ಆ ಸಂಚಿಕೆಯ ಮರುಮುದ್ರಣ ಹುಡುಕಿದೆ. ಕೊನೆಯಲ್ಲಿ ತಂಡದವರು ಕ್ರಾಕೋವಾವನ್ನು ಭೂಮಿಯಿಂದಲೇ ಕಿತ್ತು ಆಕಾಶಕ್ಕೆ ಎಸೆಯುತ್ತಾರೆ. ಚಿಕ್ಕವಳಿದ್ದಾಗ ಅಲ್ಲಿ ಚಪ್ಪಾಳೆ ತಟ್ಟಿದ್ದೆ. ಈ ಸಲ "ಅಯ್ಯೋ, ಬೇಡ" ಅಂತ ಬಾಯಿಂದಲೇ ಬಂತು.