"ಹಾಲಿನ ಕವರ್ ತೊಳೆದು ಇಟ್ರೆ ಎಷ್ಟು ಸಿಗುತ್ತೆ?"

ನಮ್ಮ ಮನೆಗೆ ಬಂದವರೆಲ್ಲ ಕೇಳುವ ಪ್ರಶ್ನೆ ಇದು. ಅಡುಗೆಮನೆಯಿಂದ ಬಚ್ಚಲಿಗೆ ಹೋಗುವ ದಾರಿಯಲ್ಲಿ ಒಂದು ತಂತಿ ಕಟ್ಟಿದ್ದೇನೆ. ಹಾಲಿನ ಕವರ್, ಮೊಸರಿನ ಕವರ್, ಎಣ್ಣೆಯ ಕವರ್ ಎಲ್ಲವನ್ನೂ ತೊಳೆದು, ಕ್ಲಿಪ್ ಹಾಕಿ ಅದರಲ್ಲಿ ನೇತು ಹಾಕುತ್ತೇನೆ. ಕೈ ತೊಳೆಯಲು ಹೋದವರ ಹಣೆಗೆ ಅವು ತಾಗುತ್ತವೆ. ತಾಗಿದ ಕೂಡಲೇ ಪ್ರಶ್ನೆ ಬರುತ್ತೆ.

ಬಾಯಲ್ಲಿ ಹೇಳಿ ಹೇಳಿ ಸಾಕಾಗಿದೆ. ಅದಕ್ಕೇ ಬರೆದು ಇಡುತ್ತಿದ್ದೇನೆ.

ಮೊದಲು ಕೇಳಿದ್ದಕ್ಕೆ ಉತ್ತರ. ಕೊನೆಯ ಸಲ ಗುಜರಿಯವರು ಕೆಜಿಗೆ 12 ರೂಪಾಯಿ ಕೊಟ್ಟರು. ನೂರು ಕವರ್ ಒಟ್ಟಿಗೆ ತೂಗಿ ನೋಡಿದ್ದೇನೆ. ಅರ್ಧ ಲೀಟರಿನ ಕವರ್ ಒಂದಕ್ಕೆ ಹೆಚ್ಚುಕಮ್ಮಿ 3 ಗ್ರಾಂ. ಅಂದರೆ ಒಂದು ಕೆಜಿ ಆಗಬೇಕಾದರೆ ಮುನ್ನೂರು ಚಿಲ್ಲರೆ ಕವರ್ ಬೇಕು. ನಮ್ಮ ಮನೆಗೆ ದಿನಕ್ಕೆ ಎರಡು ಕವರ್ ಹಾಲು. ಐದೂವರೆ ತಿಂಗಳಿಗೆ ಒಂದು ಕೆಜಿ. ಲೆಕ್ಕ ಸಿಕ್ಕಿತಲ್ಲ? ಇನ್ನು ನನ್ನ ಮಾತು ಕೇಳಿ.

ಎರಡು ವರ್ಷದ ಹಿಂದೆ, ಜುಲೈನಲ್ಲಿ, ನಮ್ಮವರ ಚಿಕ್ಕಪ್ಪನ ಮಗ ಬೆಂಗಳೂರಿನಿಂದ ಹೆಂಡತಿ ಮಕ್ಕಳನ್ನು ಕರೆದುಕೊಂಡು ಬಂದಿದ್ದ. ಜೊತೆಗೆ ಇಬ್ಬರು ಸ್ನೇಹಿತರು. ಮಳೆ ನೋಡಬೇಕಂತೆ. ನಮ್ಮದು ಕೊಡಗಿನ ಮಾದಾಪುರದ ಕಡೆ. ಪುನರ್ವಸು ಮಳೆ ಹಿಡಿದರೆ ಬಿಡುವ ಮಾತಿಲ್ಲ. ಬಿಸಿಲು ಕಂಡು ಹನ್ನೆರಡು ದಿನ ಆಗಿತ್ತು. ಬಟ್ಟೆ ಎಲ್ಲ ಹಂಡೆ ಒಲೆಯ ಮೇಲೆ ಒಣಗುತ್ತಿತ್ತು. ಬಟ್ಟೆಯ ಪಕ್ಕದಲ್ಲೇ ನನ್ನ ಕವರುಗಳು.

"ಅತ್ತಿಗೆ, ಇದೇನು ತೋರಣ?" ಅಂದ. ಹೇಳಿದೆ. "ಎಷ್ಟು ಸಿಗುತ್ತೆ?" ಅಂದ. ಅದನ್ನೂ ಹೇಳಿದೆ. ಮೊಬೈಲ್ ತೆಗೆದು ಲೆಕ್ಕ ಹಾಕಿದ. "ದಿನಕ್ಕೆ ಏಳು ಪೈಸೆ ಅತ್ತಿಗೆ!" ಅಂತ ಜೋರಾಗಿ ಕೂಗಿದ. ಎಲ್ಲರೂ ನಕ್ಕರು. ಮಕ್ಕಳಿಗೆ ಅದೇ ಆಟ ಆಯಿತು. ಎರಡು ದಿನ ಮನೆ ತುಂಬ "ಏಳು ಪೈಸೆ, ಏಳು ಪೈಸೆ" ಅಂತ ಓಡಾಡಿದವು. ಮಕ್ಕಳ ಮೇಲೆ ನನಗೆ ಸಿಟ್ಟಿಲ್ಲ. ಅವಕ್ಕೆ ಆ ಮಾತು ಕಲಿಸಿದವರ ಮೇಲೆ ಇದೆ.

ಊಟಕ್ಕೆ ಕೂತಾಗ ಅವನ ಸ್ನೇಹಿತರೊಬ್ಬರು ಇನ್ನೊಂದು ಮಾತು ಸೇರಿಸಿದರು. "ಇಷ್ಟು ಎಕರೆ ತೋಟ ಇದೆ. ಒಂದು ಮೂಲೆಯಲ್ಲಿ ಗುಂಡಿ ತೋಡಿ ಹಾಕಿಬಿಟ್ರೆ ಮುಗೀತು ಅಲ್ವಾ? ನಮ್ಮ ಥರ ಅಪಾರ್ಟ್‌ಮೆಂಟಲ್ಲಿ ಇರೋರಿಗೆ ಕಸದ ಚಿಂತೆ. ನಿಮಗೇನು?"

ಆ ದಿನ ನಾನು ಮಾತಾಡಲಿಲ್ಲ. ಬಡಿಸುತ್ತಾ ಇದ್ದೆ. ಈಗ ಹೇಳುತ್ತೇನೆ.

ಗುಂಡಿ ತೋಡಿ ಹಾಕಿದ್ದೆವು. ನಾನು ಮದುವೆಯಾಗಿ ಬರುವ ಮೊದಲಿನಿಂದಲೂ ಈ ಮನೆಯಲ್ಲಿ ಅದೇ ಪದ್ಧತಿ. ಮನೆಯ ಹಿಂದೆ, ಇಳಿಜಾರಿನಲ್ಲಿ, ಬಿದಿರು ಮೆಳೆಯ ಪಕ್ಕ ದೊಡ್ಡ ಗುಂಡಿ. ಕೊಳೆಯುವುದು, ಕೊಳೆಯದ್ದು ಎಲ್ಲ ಅದರೊಳಗೆ. ತುಂಬಿದರೆ ಮೇಲೆ ಮಣ್ಣು ಎಳೆದು ಪಕ್ಕದಲ್ಲಿ ಇನ್ನೊಂದು. ಮಾವನವರು ಶಿಸ್ತಿನ ಮನುಷ್ಯ. ಅಂಗಳದಲ್ಲಿ ಒಂದು ಕಾಗದದ ಚೂರು ಬಿದ್ದಿರಲು ಬಿಡುತ್ತಿರಲಿಲ್ಲ. ಅಷ್ಟು ಚೊಕ್ಕ. ಕಣ್ಣಿಗೆ ಕಾಣದಿದ್ದರೆ ಕಸ ಇಲ್ಲ ಅಂತಲೇ ನಾವೆಲ್ಲ ನಂಬಿದ್ದೆವು.

2018ರ ಆಗಸ್ಟ್ ಬಂತು. ಆ ಮಳೆ ಏನು ಮಾಡಿತು ಅಂತ ಕೊಡಗಿನವರಿಗೆ ಹೇಳಬೇಕಾಗಿಲ್ಲ. ಮಡಿಕೇರಿಯಿಂದ ಮಾದಾಪುರದ ಕಡೆ ಬರುವ ರಸ್ತೆಯೇ ಕುಸಿದಿತ್ತು. ಜನ ಮನೆ ಬಿಟ್ಟು ಪರಿಹಾರ ಕೇಂದ್ರಗಳಿಗೆ ಹೋದರು. ಮನೆಯನ್ನೇ ಕಳೆದುಕೊಂಡವರ ಮುಂದೆ ನಮಗೆ ಆದದ್ದು ಏನೂ ಅಲ್ಲ. ಮನೆ ಉಳಿಯಿತು. ಹಿಂದಿನ ಇಳಿಜಾರು ಜರಿಯಿತು. ಬಿದಿರು ಮೆಳೆ ಬೇರು ಸಮೇತ ಕೆಳಗೆ ಹೋಗಿ ಹಳ್ಳಕ್ಕೆ ಅಡ್ಡ ಬಿದ್ದಿತ್ತು. ಗುಂಡಿಗಳೆಲ್ಲ ಬಾಯಿ ಬಿಟ್ಟಿದ್ದವು.

ಮಳೆ ನಿಂತ ಮೇಲೆ ನಾನು ಹಳ್ಳದ ಬದಿಗೆ ಇಳಿದೆ. ದಂಡೆಯ ಗಿಡಗಳಲ್ಲಿ, ನನ್ನ ಎದೆಯ ಎತ್ತರಕ್ಕೆ, ಸಾಲಾಗಿ ಪ್ಲಾಸ್ಟಿಕ್ ಸಿಕ್ಕಿಕೊಂಡಿತ್ತು. ನೀರು ಎಲ್ಲಿಯವರೆಗೆ ಏರಿತ್ತು ಅಂತ ಗೆರೆ ಎಳೆದ ಹಾಗೆ. ಒಂದು ಕಾಫಿ ಗಿಡದಲ್ಲಿ ಶಾಂಪೂ ಪೊಟ್ಟಣ ನೇತಾಡುತ್ತಿತ್ತು. ತೆಗೆದು ಸೆರಗಿನಲ್ಲಿ ಒರೆಸಿದೆ. ಬಣ್ಣ ಹೋಗಿರಲಿಲ್ಲ. ಅಕ್ಷರ ಮಾಸಿರಲಿಲ್ಲ. ಬೆಲೆ ಒಂದು ರೂಪಾಯಿ. ತಯಾರಾದ ವರ್ಷ 1999. ಅದು ನನ್ನ ಮದುವೆಯಾದ ವರ್ಷ. ಆ ಪೊಟ್ಟಣ ನಾನೇ ಹಾಕಿದ್ದಿರಬಹುದು. ಹತ್ತೊಂಬತ್ತು ವರ್ಷ ಮಣ್ಣಿನೊಳಗೆ ಇದ್ದು, ಹೋದ ಹಾಗೇ ಬಂದಿತ್ತು.

ನನ್ನ ಕೈಗೆ ಸಿಕ್ಕಿದ್ದು ಒಂದು. ಸಿಗದೆ ಹೋದದ್ದು ಎಷ್ಟೋ. ನಮ್ಮ ಹಳ್ಳ ಮಾದಾಪುರ ಹೊಳೆಗೆ ಸೇರುತ್ತೆ. ಅಲ್ಲಿಂದ ಹಾರಂಗಿ ಜಲಾಶಯ. ಹಾರಂಗಿ ಕೂಡಿಗೆಯಲ್ಲಿ ಕಾವೇರಿಗೆ ಸೇರುತ್ತೆ. ಕಾವೇರಿ ಕೆಆರ್‌ಎಸ್‌ಗೆ ಹೋಗುತ್ತೆ. ಏಳು ಪೈಸೆ ಅಂತ ನಕ್ಕನಲ್ಲ ನನ್ನ ಮೈದುನ, ಅವನ ಮನೆಯ ನಲ್ಲಿಯಲ್ಲಿ ಬರುವುದು ಕಾವೇರಿ ನೀರೇ.

ಕಸವನ್ನು ಎಲ್ಲೋ ದೂರ ಹಾಕುತ್ತೇವೆ ಅಂತ ಪೇಟೆಯವರು ಹೇಳಬಹುದು. ನಾವು ಇರುವುದೇ ನೀರು ಹುಟ್ಟುವ ಜಾಗದಲ್ಲಿ. ನಮಗೆ ಎಲ್ಲಿದೆ ದೂರ?

"ಸುಟ್ಟುಬಿಡಿ" ಅನ್ನುವವರೂ ಇದ್ದಾರೆ. ಕಸ ಸುಡಬಾರದು, ಹಸಿ, ಒಣ, ಅಪಾಯಕಾರಿ ಅಂತ ಮೂರು ಭಾಗ ಮಾಡಿ ಇಡಬೇಕು, ತೋಟದ ಕಸ ಬೇರೆ ಇಡಬೇಕು ಅಂತ ಸರ್ಕಾರದ 2016ರ ಘನತ್ಯಾಜ್ಯ ನಿಯಮವೇ ಹೇಳಿತ್ತು. ನಿಯಮ ಬಿಡಿ, ನಮ್ಮ ಮಳೆಗಾಲದಲ್ಲಿ ಕಸ ಸರಿಯಾಗಿ ಉರಿಯುವುದೂ ಇಲ್ಲ. ಹೊಗೆಯಾಡುತ್ತೆ. ಆ ಹೊಗೆ ಇಳಿಜಾರು ಹಿಡಿದು ಕೆಳಗೆ ತೋಟದ ಕೆಲಸದವರ ಲೈನ್ ಮನೆಗಳಿಗೆ ಇಳಿಯುತ್ತೆ. ಅಲ್ಲಿ ಹಸುಗೂಸುಗಳಿವೆ.

"ತೊಳೆಯೋಕೆ ನೀರು ದಂಡ ಅಲ್ವಾ?" ಇದು ಇನ್ನೊಂದು. ಇಲ್ಲ. ಕವರ್ ಕತ್ತರಿಸುವಾಗ ಮೂಲೆಯ ತುಂಡನ್ನು ಪೂರ್ತಿ ಬೇರೆ ಮಾಡುವುದಿಲ್ಲ, ಅಂಟಿಕೊಂಡೇ ಇರಲು ಬಿಡುತ್ತೇನೆ. ಆ ಪುಟ್ಟ ಮೂಲೆ ಬಿದ್ದರೆ ಯಾರೂ ಆರಿಸುವುದಿಲ್ಲ, ಸೀದಾ ಮಣ್ಣಿಗೆ. ಹಾಲು ಬಗ್ಗಿಸಿದ ಮೇಲೆ ಒಂದು ಸೌಟು ನೀರು ಹಾಕಿ ಕುಲುಕಿ ಅದೇ ಪಾತ್ರೆಗೆ ಸುರಿಯುತ್ತೇನೆ. ನಮ್ಮತ್ತೆಯೂ ಹಾಗೇ ಮಾಡುತ್ತಿದ್ದರು. ಆಮೇಲೆ ಪಾತ್ರೆ ತೊಳೆದ ಕೊನೆಯ ನೀರಲ್ಲಿ ಕವರನ್ನು ಒಮ್ಮೆ ಅದ್ದಿ ತೆಗೆದರೆ ಆಯಿತು. ತೊಳೆಯದೆ ಚೀಲಕ್ಕೆ ತುರುಕಿದರೆ ಮೂರನೇ ದಿನಕ್ಕೆ ನಾತ, ನಾಲ್ಕನೇ ದಿನಕ್ಕೆ ಹುಳ. ಆ ಚೀಲವನ್ನು ಮುಂದೆ ಒಬ್ಬ ಹೆಂಗಸು ಬರಿಗೈಯಲ್ಲಿ ಬಿಚ್ಚಿ ವಿಂಗಡಿಸುತ್ತಾಳೆ. ಅವಳನ್ನು ನೆನೆಸಿಕೊಂಡರೆ ನನಗೆ ತೊಳೆಯುವುದು ಭಾರ ಅನಿಸುವುದಿಲ್ಲ.

ಜುಗ್ಗತನ ಅನ್ನುತ್ತೀರಾ? ಅನ್ನಿ. ನಮ್ಮತ್ತೆ ಗೊಬ್ಬರದ ಚೀಲ ಒಗೆದು ಮೆಣಸು ಒಣಗಿಸುವ ಹಾಸು ಹೊಲಿಯುತ್ತಿದ್ದರು. ಒಲೆಯ ಬೂದಿಯಲ್ಲಿ ಪಾತ್ರೆ ತಿಕ್ಕುತ್ತಿದ್ದರು. ಹಲಸಿನ ಬೀಜವನ್ನು ಮಣ್ಣಲ್ಲಿ ಹೂತಿಟ್ಟು ಆಷಾಢದ ಸಾರಿಗೆ ತೆಗೆಯುತ್ತಿದ್ದರು. ಅವರನ್ನು ಯಾರೂ ದಿನಕ್ಕೆ ಎಷ್ಟು ಪೈಸೆ ಅಂತ ಕೇಳಲಿಲ್ಲ. ಜಾಣೆ ಅಂದರು.

ಅವತ್ತು ಎಲ್ಲರೂ ನಗುತ್ತಿದ್ದಾಗ ಮೈದುನನ ಹೆಂಡತಿ ಮಾತ್ರ ಹಿಂದಿನ ಜಗಲಿಗೆ ಬಂದು ನಿಂತಳು. ಸ್ವಲ್ಪ ಹೊತ್ತು ನನ್ನ ಗೊಬ್ಬರದ ಗುಂಡಿ ನೋಡಿದಳು. "ಅಕ್ಕ, ಇಷ್ಟು ಮಳೇಲೂ ಇದು ನಾರೋದಿಲ್ವಲ್ಲ, ಹೇಗೆ?" ಅಂದಳು.

ಎಷ್ಟು ವರ್ಷದಿಂದ ಕಾಯುತ್ತಿದ್ದೆ ಗೊತ್ತಾ ಈ ಪ್ರಶ್ನೆಗೆ! ಅವಳಿಗೆ ಹೇಳಿದ್ದನ್ನೇ ನಿಮಗೂ ಹೇಳುತ್ತೇನೆ. ದುಡ್ಡಿನ ಲೆಕ್ಕಕ್ಕಿಂತ ಇದು ಉಪಯೋಗ.

ಮಳೆಗಾಲದ ಗೊಬ್ಬರದ ಕೆಲಸ ಶುರುವಾಗುವುದು ಫೆಬ್ರವರಿಯಲ್ಲಿ. ಕಾಫಿ ಕೊಯ್ಲು ಮುಗಿಯುವ ಹೊತ್ತಿಗೆ ತೋಟದಲ್ಲಿ ಸಿಲ್ವರ್ ಓಕ್ ಎಲೆ ರಾಶಿ ಬಿದ್ದಿರುತ್ತೆ. ತೋಟದೊಳಗಿನ ಎಲೆ ಮುಟ್ಟುವುದಿಲ್ಲ. ಅದು ಗಿಡದ ಬುಡಕ್ಕೆ, ಗಿಡಗಳ ನಡುವೆ ನೀರು ಇಂಗಲು ತೋಡಿದ ತೊಟ್ಟಿಲು ಗುಂಡಿಗೆ ಸೇರಬೇಕಾದ್ದು. ಅಂಗಳ, ಕಣ, ರಸ್ತೆಯ ಬದಿಯ ಎಲೆ ಮಾತ್ರ ಗುಡಿಸಿ ಚೀಲ ತುಂಬಿ, ಸೌದೆ ಕೊಟ್ಟಿಗೆಯಲ್ಲಿ ಸೌದೆಯ ಜೊತೆ ಒಟ್ಟುತ್ತೇನೆ. ಮೂವತ್ತು ಚೀಲ ಬೇಕು. ಮಳೆಗಾಲಕ್ಕೆ ಸೌದೆ ಎಷ್ಟು ಮುಖ್ಯವೋ ಒಣ ಎಲೆಯೂ ಅಷ್ಟೇ ಮುಖ್ಯ.

ಯಾಕೆಂದರೆ ಹಸಿ ಕಸಕ್ಕೆ ಉಸಿರಾಡಲು ಗಾಳಿ ಬೇಕು. ತರಕಾರಿ ಸಿಪ್ಪೆ, ಅನ್ನ, ಹಣ್ಣಿನ ಸಿಪ್ಪೆ ಸುಮ್ನೆ ಗುಡ್ಡೆ ಹಾಕಿದರೆ ಒಂದಕ್ಕೊಂದು ಅಂಟಿ ನೀರಾಗುತ್ತೆ. ಗಾಳಿ ಇಲ್ಲದ ಕಡೆ ಹುಳಿ ನಾತ, ಕೊಳೆತ ಮೊಟ್ಟೆಯ ನಾತ. ಒಂದು ಬಕೆಟ್ ಅಡುಗೆಮನೆ ಕಸಕ್ಕೆ ಎರಡೂವರೆ, ಮೂರು ಬಕೆಟ್ ಒಣ ಎಲೆ ಹಾಕಿದರೆ ಗಾಳಿ ಆಡುತ್ತೆ, ಜಾಸ್ತಿ ನೀರನ್ನು ಎಲೆ ಹೀರುತ್ತೆ. ಸಿಲ್ವರ್ ಓಕ್ ಎಲೆ ಬೇಗ ಕರಗುವುದಿಲ್ಲ ಅಂತ ದೂರುತ್ತಾರೆ. ಮಳೆಗಾಲದಲ್ಲಿ ಅದೇ ಒಳ್ಳೆಯದು. ಬೇಗ ಮೆತ್ತಗಾಗಿ ಕುಸಿಯುವುದಿಲ್ಲ. ಕಾಫಿ ಹೊಟ್ಟು ಇದ್ದರೆ ಅದನ್ನೂ ಬೆರೆಸಬಹುದು. ತೋಟದ ನೆರಳಿಗೆ ಬೆಳೆಸುವ ಹಾಲುವಾಣ ಮರದ ಸೊಪ್ಪು ಸಿಕ್ಕಿದರೆ ಒಂದು ಪದರ ಹಾಕಿ. ಅದರಲ್ಲಿ ಸಾರಜನಕ ಚೆನ್ನಾಗಿದೆ, ರಾಶಿ ಬೇಗ ಬಿಸಿಯೇರುತ್ತೆ.

ಮಳೆಗಾಲದಲ್ಲಿ ನೆಲದೊಳಗೆ ಗುಂಡಿ ಬೇಡ, ನೀರು ತುಂಬುತ್ತೆ. ನನ್ನದು ಹೆಸರಿಗೆ ಮಾತ್ರ ಗುಂಡಿ. ನೆಲದ ಮೇಲೇ ನಾಲ್ಕು ಕಡೆ ಮರದ ಪಟ್ಟಿ ಹೊಡೆದು, ಅಡಿಯಲ್ಲಿ ಕಾಫಿ ರೆಂಬೆ ಹಾಸಿ, ಮೇಲೆ ಹಳೆಯ ತಗಡು ಇಳಿಜಾರಾಗಿ ಇಟ್ಟಿದ್ದೇನೆ. ಎಂಟು ಹತ್ತು ದಿನಕ್ಕೊಮ್ಮೆ ಕೆದಕುತ್ತೇನೆ. ಅವತ್ತು ಅವಳ ಎದುರೇ ಒಂದು ಕಬ್ಬಿಣದ ಹಾರೆಯನ್ನು ರಾಶಿಯ ನಡುವೆ ಚುಚ್ಚಿ ಐದು ನಿಮಿಷ ಬಿಟ್ಟು ಎಳೆದೆ. "ಹಿಡಿ" ಅಂದೆ. ಮುಟ್ಟಿ ತಟ್ಟನೆ ಕೈ ತೆಗೆದಳು. ಸರಿಯಾಗಿ ನಡೆಯುವ ರಾಶಿ ಒಳಗೆ 55, 60 ಡಿಗ್ರಿವರೆಗೂ ಬಿಸಿ ಆಗುತ್ತೆ. ಆ ಚಳಿಯಲ್ಲಿ, ಸುರಿಯುವ ಮಳೆಯಲ್ಲಿ, ಹಾರೆ ಎಳೆದ ತೂತಿನಿಂದ ಹಬೆ ಏಳುತ್ತಿತ್ತು. ಅವಳು ಎರಡೂ ಕೈ ಚಾಚಿ ಅದರ ಮೇಲೆ ಹಿಡಿದುಕೊಂಡು ನಿಂತಳು.

ಎಲ್ಲಕ್ಕೂ ನನ್ನ ಹತ್ತಿರ ದಾರಿ ಇದೆ ಅಂತಲ್ಲ. ಚಿಪ್ಸ್, ಬಿಸ್ಕತ್ತಿನ ಒಳಗೆ ಬೆಳ್ಳಿ ಹೊಳಪು ಇರುವ ಕವರ್ ಇದೆಯಲ್ಲ, ಅದನ್ನು ನಮ್ಮ ಗುಜರಿಯವರು ಮುಟ್ಟುವುದಿಲ್ಲ. ಪ್ಲಾಸ್ಟಿಕ್ ಒಂದು ಪದರ, ಲೋಹದ ತೆಳು ಲೇಪ ಒಂದು ಪದರ. ಬಿಡಿಸಲು ಬರುವುದಿಲ್ಲ. ಪಂಚಾಯಿತಿಯ ಕಸದ ಗಾಡಿ ಮುಖ್ಯ ರಸ್ತೆಗೆ ಬಂದಾಗ ಚೀಲ ಹೊತ್ತು ಹೋಗಿ ಕೊಡುತ್ತೇನೆ. ಅದಕ್ಕಿಂತ ಮನೆಗೆ ತರುವುದನ್ನೇ ಕಡಿಮೆ ಮಾಡಿದ್ದೇನೆ. ಬಂದ ನೆಂಟರು ಮಕ್ಕಳಿಗೆ ಅಂತ ತಂದ ಪೊಟ್ಟಣದ ಕವರನ್ನು ಹೊರಡುವಾಗ ಅವರ ಕೈಗೇ ಕೊಡುತ್ತೇನೆ. ಕೆಲವರಿಗೆ ಬೇಸರವಾಗಿದೆ. ಆಗಲಿ.

ಮೈದುನ ಈಗಲೂ ಫೋನ್ ಮಾಡಿದಾಗ "ಏಳು ಪೈಸೆ ಹೇಗಿದೆ ಅತ್ತಿಗೆ?" ಅನ್ನುತ್ತಾನೆ. ಅವನ ಹೆಂಡತಿ ಬಾಲ್ಕನಿಯಲ್ಲಿ ದೊಡ್ಡ ಡ್ರಮ್ ಒಂದಕ್ಕೆ ತೂತು ಹೊಡೆಸಿ ಗೊಬ್ಬರ ಶುರು ಮಾಡಿದ್ದಾಳೆ. ಒಣ ಎಲೆಯೇ ಸಿಗುತ್ತಿಲ್ಲ ಅಂದಳು. ಹೋದ ಫೆಬ್ರವರಿಯಲ್ಲಿ ಬಂದಾಗ ಕಾಫಿ ಪುಡಿ, ಕಿತ್ತಳೆ ಹಣ್ಣಿನ ಜೊತೆ ಎರಡು ಮೂಟೆ ಸಿಲ್ವರ್ ಓಕ್ ಎಲೆ ಅವರ ಕಾರಿಗೆ ಹಾಕಿಸಿದೆ. ಮೂಟೆಯ ಬಾಯನ್ನು ಬಾಳೆ ನಾರಿನಲ್ಲಿ ಕಟ್ಟಿದ್ದೆ. ನಾರನ್ನೂ ಡ್ರಮ್ಮಿಗೇ ಹಾಕು, ಚೀಲ ಮಾತ್ರ ಮುಂದಿನ ಸಲ ಬರುವಾಗ ತಾ ಅಂದಿದ್ದೇನೆ.