ಕರೆಂಟ್ ಬಂದ ಮೇಲೂ ಏಳದ ಸರ್ವರ್‌ಗಳು

ಮಂಡ್ಯದ ಕಚೇರಿಯಲ್ಲಿ ಕುಳಿತು ನಾಗಮಂಗಲ, ಕೆ.ಆರ್. ಪೇಟೆ, ಮಳವಳ್ಳಿ, ಪಾಂಡವಪುರ ತಾಲ್ಲೂಕುಗಳ ಸೊಸೈಟಿಗಳಲ್ಲಿರುವ ಲಿನಕ್ಸ್ ಸರ್ವರ್‌ಗಳನ್ನು ನೋಡಿಕೊಳ್ಳುವುದು ನನ್ನ ಕೆಲಸ. ಈ ಯಂತ್ರಗಳಿಗೆ ಪ್ರತ್ಯೇಕ ಕೋಣೆಯಾಗಲಿ, ಅವನ್ನು ಕಾಯುವ ಸಿಬ್ಬಂದಿಯಾಗಲಿ ಇರುವುದಿಲ್ಲ. ಗೊಬ್ಬರದ ದಾಸ್ತಾನು ಪುಸ್ತಕಗಳನ್ನಿಟ್ಟ ಬೀರುವಿನ ಪಕ್ಕದಲ್ಲಿ, ಮಾನಿಟರ್ ಇಲ್ಲದೆ, ಕೀಬೋರ್ಡ್ ಇಲ್ಲದೆ ಅವು ವರ್ಷಗಟ್ಟಲೆ ಓಡುತ್ತಿರುತ್ತವೆ. ಏಪ್ರಿಲ್, ಮೇ ತಿಂಗಳ ಗುಡುಗು ಮಳೆಗೆ ರಾತ್ರಿ ಕರೆಂಟ್ ಹೋಗಿ, ಯುಪಿಎಸ್ ಬ್ಯಾಟರಿ ಬರಿದಾಗಿ, ಬೆಳಗಿನ ಜಾವ ಮತ್ತೆ ಕರೆಂಟ್ ಬಂದಾಗ ಯಂತ್ರ ಯಾರ ನೆರವೂ ಇಲ್ಲದೆ ಚಾಲೂ ಆಗಬೇಕು. ಆಗದಿದ್ದರೆ ಸೊಸೈಟಿಯ ಬಾಗಿಲು ತೆರೆಯುವ ಹೊತ್ತಿಗೆ "ಸರ್ವರ್ ಕೆಟ್ಟೋಗಿದೆ" ಎಂಬ ಕರೆ ಬರುತ್ತದೆ.

ನಾನು ಕಂಡಂತೆ ಇಂಥ ಕರೆಗಳಲ್ಲಿ ಹೆಚ್ಚಿನವುಗಳಲ್ಲಿ ಯಂತ್ರ ಕೆಟ್ಟಿರುವುದಿಲ್ಲ. ಬೂಟ್ ಆಗುವ, ಅಂದರೆ ಚಾಲೂ ಆಗಿ ಕೆಲಸಕ್ಕೆ ಸಿದ್ಧವಾಗುವ ಹಾದಿಯಲ್ಲಿ ಎಲ್ಲೋ ಒಂದು ಪ್ರಶ್ನೆ ಕೇಳಿ, ಉತ್ತರ ಬರಲಿ ಎಂದು ಕಾಯುತ್ತಿರುತ್ತದೆ. ಎದುರಿಗೆ ಕುಳಿತ ಮನುಷ್ಯನೊಬ್ಬ ಇದ್ದೇ ಇರುತ್ತಾನೆ ಎಂದು ನಂಬಿ ಬರೆದ ಪ್ರಶ್ನೆಗಳು ಇವು. ಎಲ್ಲ ಪ್ರಶ್ನೆಗಳನ್ನೂ ತೆಗೆದುಹಾಕುವುದು ಸಾಧ್ಯವಿಲ್ಲ, ತೆಗೆಯಲೂಬಾರದು. ಕೆಲವು ಸಂದರ್ಭಗಳಲ್ಲಿ ಮುಂದುವರಿಯುವುದಕ್ಕಿಂತ ನಿಲ್ಲುವುದೇ ಸರಿ. ಆದರೆ ನಿಲ್ಲುವುದಾದರೆ ನೆಟ್‌ವರ್ಕ್ ಬಂದು ಎಸ್‌ಎಸ್‌ಎಚ್ ತೆರೆದುಕೊಂಡ ಮೇಲೆ ನಿಲ್ಲಬೇಕು, ಅಂದರೆ ಮಂಡ್ಯದಿಂದಲೇ ನಾನು ಒಳಹೊಕ್ಕು ನೋಡಬಹುದಾದ ಜಾಗದಲ್ಲಿ ನಿಲ್ಲಬೇಕು. ನಾನು ಹೊಂದಿಸುವ ಪ್ರತಿಯೊಂದು ಸರ್ವರ್‌ನಲ್ಲೂ ಇದನ್ನೇ ಅಳತೆಗೋಲಾಗಿ ಇಟ್ಟುಕೊಂಡಿದ್ದೇನೆ.

ಕರೆ ಬಂದಾಗ ನಾನು ಮೊದಲು ತಡೆಯುವುದು ಪವರ್ ಬಟನ್ ಒತ್ತುವುದನ್ನು. ಅಟೆಂಡರ್ ಹೇಳುವುದು ಸಾಮಾನ್ಯವಾಗಿ ಹೀಗಿರುತ್ತದೆ: "ಸಾ, ಲೈಟೆಲ್ಲ ಹತ್ಕಂಡದೆ, ಫ್ಯಾನೂ ತಿರುಗ್ತಾ ಅದೆ, ಆದ್ರೆ ಓಪನ್ ಆಯ್ತಿಲ್ಲ. ಆಫ್ ಮಾಡಿ ಆನ್ ಮಾಡ್ಲಾ?" ನಾನು ಹೇಳುವುದು: "ಬೇಡಣ್ಣ, ಹಂಗೇ ಇರ್ಲಿ. ಪಕ್ಕದ ಕಂಪ್ಯೂಟರಿನ ಮಾನಿಟರ್ ತಂದು ಸಿಗಿಸಿ, ಕಂಡಿದ್ದನ್ನ ಫೋಟೋ ತೆಗ್ದು ಕಳ್ಸಿ." ಯಂತ್ರ ಎಲ್ಲಿ ನಿಂತಿದೆ ಎಂಬುದಕ್ಕೆ ಆ ಪರದೆಯ ಕೊನೆಯ ಸಾಲಿಗಿಂತ ದೊಡ್ಡ ಸಾಕ್ಷ್ಯವಿಲ್ಲ, ಬಟನ್ ಒತ್ತಿದರೆ ಅದು ಅಳಿಸಿಹೋಗುತ್ತದೆ. ಫೋಟೋ ಬರುವವರೆಗೆ ನಾನು ಇಲ್ಲಿಂದ ಪಿಂಗ್ ಮಾಡಿ, ಅಂದರೆ ನೆಟ್‌ವರ್ಕ್ ಮೂಲಕ ಯಂತ್ರವನ್ನು ಕೂಗಿ ನೋಡುತ್ತೇನೆ. ಪಿಂಗ್‌ಗೆ ಉತ್ತರ ಬಂದು ಎಸ್‌ಎಸ್‌ಎಚ್ ತೆರೆಯದಿದ್ದರೆ ಕರ್ನಲ್ (ಆಪರೇಟಿಂಗ್ ಸಿಸ್ಟಂನ ತಿರುಳು) ಚಾಲೂ ಆಗಿದೆ, ನೆಟ್‌ವರ್ಕ್ ಬಂದಿದೆ, ಯಾವುದೋ ಸೇವೆಯ, ಅಂದರೆ ಹಿನ್ನೆಲೆಯಲ್ಲಿ ಓಡುವ ತಂತ್ರಾಂಶದ ಬಳಿ ಸಿಕ್ಕಿಹಾಕಿಕೊಂಡಿದೆ ಎಂದರ್ಥ. ಪಿಂಗೂ ಇಲ್ಲವಾದರೆ ಕೀಬೋರ್ಡ್ ಸಿಗಿಸಿ ನಮ್ ಲಾಕ್ ಒತ್ತಲು ಹೇಳುತ್ತೇನೆ. ಅದರ ದೀಪ ಹತ್ತಿ ಆರಿದರೆ ಯಂತ್ರಕ್ಕೆ ಜೀವವಿದೆ, ಕಾಯುತ್ತಿದೆ ಅಷ್ಟೆ. ಹೀಗೆ ಮದರ್‌ಬೋರ್ಡಿನ ಆರಂಭಿಕ ತಂತ್ರಾಂಶವಾದ ಬಯೋಸ್, ಕರ್ನಲನ್ನು ಆರಿಸಿ ಲೋಡ್ ಮಾಡುವ ಗ್ರಬ್, ಕರ್ನಲ್, ಉಳಿದ ಸೇವೆಗಳನ್ನೆಲ್ಲ ಆರಂಭಿಸುವ ಸಿಸ್ಟಮ್‌ಡಿ ಎಂಬ ನಾಲ್ಕು ಹಂತಗಳಲ್ಲಿ ಯಾವುದೆಂದು ಗೊತ್ತಾದ ಮೇಲೆ ಉಳಿದದ್ದು ಅಷ್ಟು ಕಷ್ಟವಲ್ಲ.

ಬಯೋಸ್ ಹಂತದ ತೊಡಕುಗಳು ಚಿಕ್ಕವು, ಆದರೆ ಅಲ್ಲಿ ನಿಂತ ಯಂತ್ರವನ್ನು ದೂರದಿಂದ ಮುಟ್ಟಲು ಸಾಮಾನ್ಯ ಕಂಪ್ಯೂಟರಿನಲ್ಲಿ ದಾರಿಯೇ ಇಲ್ಲ. ಕೀಬೋರ್ಡ್ ಸಿಗಲಿಲ್ಲ, ಮುಂದುವರಿಯಲು ಎಫ್‌1 ಒತ್ತಿ ಎಂದು ಕೇಳಿ ನಿಲ್ಲುವ ಯಂತ್ರಗಳು ಇಂದಿಗೂ ಇವೆ. ದೋಷ ಕಂಡಾಗ ಎಫ್‌1ಗಾಗಿ ಕಾಯಬೇಕೋ ಬೇಡವೋ ಎಂಬ ಆಯ್ಕೆಯನ್ನು ಬಯೋಸ್‌ನಲ್ಲಿ ಆಫ್ ಮಾಡಿದರೆ ಆ ತೊಡಕು ಮುಗಿಯಿತು. ಕರೆಂಟ್ ಹೋಗಿ ಬಂದಾಗ ಯಂತ್ರ ತಾನೇ ಆನ್ ಆಗಬೇಕೆಂಬ ಆಯ್ಕೆಯೂ ಅಲ್ಲಿಯೇ ಇದೆ, ಅದನ್ನು ಸದಾ ಆನ್ ಎಂದು ಇಡಬೇಕು. ಯಾರೋ ಮರೆತು ಬಿಟ್ಟುಹೋದ ಪೆನ್‌ಡ್ರೈವ್‌ನಿಂದ ಬೂಟ್ ಮಾಡಲು ಹೋಗಿ ನಿಲ್ಲದಂತೆ, ಬೂಟ್ ಕ್ರಮದಲ್ಲಿ ಒಳಗಿನ ಡಿಸ್ಕನ್ನೇ ಮೊದಲಿಗೆ ಇಡಬೇಕು.

ಇವೆಲ್ಲವನ್ನೂ ಒಂದೇ ಏಟಿಗೆ ಕೆಡಿಸಬಲ್ಲ ವಸ್ತು ಮದರ್‌ಬೋರ್ಡಿನ ಮೇಲಿರುವ 3 ವೋಲ್ಟ್‌ನ ಗುಂಡಿ ಬ್ಯಾಟರಿ, ಸಿಆರ್2032. ಎಷ್ಟೋ ಯಂತ್ರಗಳಲ್ಲಿ ಅದು ಬರಿದಾದ ಮೇಲೆ ಕರೆಂಟ್ ಹೋದರೆ ಬಯೋಸ್‌ನ ಆಯ್ಕೆಗಳೆಲ್ಲ ಕಾರ್ಖಾನೆಯ ಸ್ಥಿತಿಗೆ ಮರಳುತ್ತವೆ, ಗಡಿಯಾರವೂ ಹಲವು ವರ್ಷ ಹಿಂದಕ್ಕೆ ಜಿಗಿಯುತ್ತದೆ. ಆಗ ಯಂತ್ರ ಎಫ್‌1 ಕೇಳುತ್ತದೆ. ಹೇಗೋ ಮುಂದೆ ಹೋದರೂ ತಾರೀಖು ತಪ್ಪಿರುವುದರಿಂದ ಸಂಪರ್ಕದ ಗುರುತನ್ನು ಖಾತ್ರಿಪಡಿಸುವ ಸರ್ಟಿಫಿಕೇಟುಗಳು ಇನ್ನೂ ಜಾರಿಗೆ ಬಂದಿಲ್ಲ ಎನ್ನುತ್ತಾ ಮುಖ್ಯ ಕಚೇರಿಯ ಸಂಪರ್ಕವೇ ಏರ್ಪಡುವುದಿಲ್ಲ. ನೋಡಿದವರಿಗೆ ಅದು ನೆಟ್‌ವರ್ಕಿನ ದೋಷದಂತೆ ಕಾಣುತ್ತದೆ. ಹಾಗಾಗಿ ಹಳೆಯ ಯಂತ್ರವಿರುವ ಶಾಖೆಗೆ ಬೇರೆ ಕೆಲಸಕ್ಕೆ ಹೋದರೂ ಈ ಬ್ಯಾಟರಿಯನ್ನು ಬದಲಿಸಿಯೇ ಬರುತ್ತೇನೆ.

ಗ್ರಬ್ ಹಂತದಲ್ಲಿ ಹೇಳಬೇಕಾದದ್ದು ಒಂದೇ. ಉಬುಂಟು ಎಂಬ ಲಿನಕ್ಸ್ ಬಗೆಯಲ್ಲಿ ಬೂಟ್ ಪೂರ್ತಿಯಾಗುವ ಮೊದಲೇ ಕರೆಂಟ್ ಹೋದರೆ ಹಿಂದಿನ ಬೂಟ್ ವಿಫಲವಾಯಿತು ಎಂಬ ಗುರುತು ಉಳಿದು, ಮುಂದಿನ ಸಲ ಗ್ರಬ್ ಮೆನು ತೋರಿಸುತ್ತದೆ. ಹಳೆಯ ಆವೃತ್ತಿಗಳು ಆ ಮೆನುವಿನ ಮುಂದೆ ಅವಧಿಯಿಲ್ಲದೆ ಕಾಯುತ್ತಿದ್ದವು, ಈಗಿನವು 30 ಸೆಕೆಂಡಿನ ಬಳಿಕ ಮುಂದುವರಿಯುತ್ತವೆ. ಕರೆಂಟ್ ಒಂದೇ ಬೆಳಗ್ಗೆ ಹೋಗಿ ಬಂದು ಆಡುವ ನಮ್ಮ ಊರುಗಳಲ್ಲಿ ಇದು ಅಪರೂಪದ ಸಂದರ್ಭವಲ್ಲ, ಆದ್ದರಿಂದ ಆ ಅವಧಿಯನ್ನು ನಾನೇ ಚಿಕ್ಕದಾಗಿ ನಿಗದಿಪಡಿಸುತ್ತೇನೆ.

ಹೆಚ್ಚು ಕಾಟ ಕೊಡುವುದು, ಹೆಚ್ಚು ಕಲಿಸುವುದು ಸಿಸ್ಟಮ್‌ಡಿ ಹಂತ. ಬ್ಯಾಕಪ್‌ಗೆಂದು ಸರ್ವರ್‌ಗೆ ಸಿಗಿಸಿದ ಒಂದು ಯುಎಸ್‌ಬಿ ಹಾರ್ಡ್‌ಡಿಸ್ಕ್ ಇದೆ ಎಂದುಕೊಳ್ಳಿ, ಅದನ್ನು ಬೂಟ್ ವೇಳೆ ಜೋಡಿಸಬೇಕಾದ ಡಿಸ್ಕುಗಳ ಪಟ್ಟಿಯಾದ ಎಫ್‌ಎಸ್‌ಟ್ಯಾಬ್ ಕಡತದಲ್ಲಿ ಒಂದು ಸಾಲಾಗಿ ಬರೆದಿದೆ. ಯಾರೋ ಅದನ್ನು ಬಿಚ್ಚಿಕೊಂಡು ಹೋಗಿರುತ್ತಾರೆ ಅಥವಾ ಅದರ ಕೇಬಲ್ ಸಡಿಲವಾಗಿರುತ್ತದೆ. ಓಡುತ್ತಿರುವ ಯಂತ್ರದಲ್ಲಿ ಇದು ಯಾರ ಗಮನಕ್ಕೂ ಬರುವುದಿಲ್ಲ. ಕರೆಂಟ್ ಹೋಗಿ ಬಂದ ದಿನ ಸಿಸ್ಟಮ್‌ಡಿ ಆ ಡಿಸ್ಕಿಗಾಗಿ 90 ಸೆಕೆಂಡು ಕಾಯುತ್ತದೆ. ಕಳಿಸಿದ ಫೋಟೋದಲ್ಲಿ ಆಚೀಚೆ ಓಡಾಡುವ ಕೆಂಪು ನಕ್ಷತ್ರ ಚಿಹ್ನೆಗಳ ಪಕ್ಕದಲ್ಲಿ ಕಳೆದ ಸಮಯವೂ, ಅದರ ಮುಂದೆ 1 ನಿಮಿಷ 30 ಸೆಕೆಂಡು ಎಂಬ ಮಿತಿಯೂ ಕಾಣುತ್ತವೆ. ಅವಧಿ ಮುಗಿದ ಮೇಲೆ ಯಂತ್ರ ಎಮರ್ಜೆನ್ಸಿ ಮೋಡ್‌ಗೆ (ದುರಸ್ತಿಗಷ್ಟೇ ತೆರೆಯುವ ಸ್ಥಿತಿ) ಇಳಿದು ರೂಟ್‌ನ, ಅಂದರೆ ಸರ್ವಾಧಿಕಾರವಿರುವ ಖಾತೆಯ ಪಾಸ್‌ವರ್ಡ್ ಕೇಳುತ್ತದೆ. ರೂಟ್ ಖಾತೆಗೆ ಬೀಗ ಹಾಕಿದ್ದರೆ ಕೊಡಲು ಪಾಸ್‌ವರ್ಡೇ ಇರುವುದಿಲ್ಲ. ಎಸ್‌ಎಸ್‌ಎಚ್ ಅಲ್ಲಿಯವರೆಗೆ ಆರಂಭವಾಗಿರುವುದೇ ಇಲ್ಲ. ದಿನದ ವ್ಯವಹಾರಕ್ಕೆ ಬೇಕೇ ಇಲ್ಲದ ಒಂದು ಡಿಸ್ಕಿಗಾಗಿ ಇಡೀ ಸೊಸೈಟಿಯ ಕೆಲಸ ನಿಲ್ಲುತ್ತದೆ.

ಆ ಸಾಲಿಗೆ ನೋಫೇಲ್ ಎಂಬ ಆಯ್ಕೆ ಸೇರಿಸಿ, ಡಿಸ್ಕಿಗಾಗಿ ಕಾಯುವ ಅವಧಿಯನ್ನು 10 ಸೆಕೆಂಡಿಗೆ ಇಳಿಸಿದರೆ ಯಂತ್ರ ಮುಂದೆ ಸಾಗುತ್ತದೆ. ಇಷ್ಟನ್ನು ಎಲ್ಲರೂ ಹೇಳುತ್ತಾರೆ, ಆದರೆ ಇಲ್ಲಿಗೇ ಬಿಟ್ಟರೆ ಇನ್ನೊಂದು ಅಪಾಯಕ್ಕೆ ಬಾಗಿಲು ತೆರೆದಂತೆ. ಡಿಸ್ಕ್ ಮೌಂಟ್ ಆಗದಿದ್ದಾಗ, ಅಂದರೆ ತನಗೆ ಗೊತ್ತುಪಡಿಸಿದ ಫೋಲ್ಡರ್‌ಗೆ ಜೋಡಣೆಯಾಗದಿದ್ದಾಗ, ಆ ಫೋಲ್ಡರ್ ಖಾಲಿಯಾಗಿ ಇದ್ದೇ ಇರುತ್ತದೆ, ರಾತ್ರಿಯ ಬ್ಯಾಕಪ್ ಸ್ಕ್ರಿಪ್ಟ್ ಏನೂ ಆಗಿಲ್ಲವೆಂಬಂತೆ ಅದರೊಳಗೆ ಬರೆಯುತ್ತಾ ಹೋಗುತ್ತದೆ, ಕೆಲವು ದಿನಗಳಲ್ಲಿ ಆಪರೇಟಿಂಗ್ ಸಿಸ್ಟಂ ಇರುವ ರೂಟ್ ಡಿಸ್ಕ್ ತುಂಬಿ ಯಂತ್ರ ಬೇರೆಯೇ ಕಾರಣಕ್ಕೆ ನಿಲ್ಲುತ್ತದೆ. ಆದ್ದರಿಂದ ಸ್ಕ್ರಿಪ್ಟಿನ ಮೊದಲ ಸಾಲಿನಲ್ಲೇ ಅದು ನಿಜಕ್ಕೂ ಮೌಂಟ್ ಆಗಿದೆಯೇ ಎಂದು ಪರೀಕ್ಷಿಸಿ, ಆಗದಿದ್ದರೆ ಸಂದೇಶ ಕಳುಹಿಸಿ ನಿಲ್ಲುವಂತೆ ಬರೆಯಬೇಕು.

ಡೇಟಾಬೇಸ್ ಇರುವ ಡಿಸ್ಕಿನ ವಿಚಾರದಲ್ಲಿ ಇನ್ನೂ ಎಚ್ಚರ ಬೇಕು. ಆ ಡಿಸ್ಕ್ ಇಲ್ಲದೆ ಡೇಟಾಬೇಸ್ ಆರಂಭವಾಗಲೇಬಾರದು. ಹಾಗೆಂದು ಯಂತ್ರವನ್ನೇ ಎಮರ್ಜೆನ್ಸಿ ಮೋಡ್‌ನಲ್ಲಿ ನಿಲ್ಲಿಸಿದರೆ ನನಗೆ ಒಳಹೋಗಲು ದಾರಿಯಿಲ್ಲ. ಇದಕ್ಕೆ ಸಿಸ್ಟಮ್‌ಡಿಯಲ್ಲೇ ಉತ್ತರವಿದೆ: ಮೌಂಟ್ ಸಾಲಿಗೆ ನೋಫೇಲ್ ಕೊಟ್ಟು, ಡೇಟಾಬೇಸ್ ಸೇವೆಯ ಕಡತದಲ್ಲಿ ಈ ಫೋಲ್ಡರ್ ಮೌಂಟ್ ಆಗಿರಲೇಬೇಕು ಎಂಬ ಷರತ್ತನ್ನು, ಅಂದರೆ ರಿಕ್ವೈರ್ಸ್‌ಮೌಂಟ್ಸ್‌ಫಾರ್ ಎಂಬ ಸಾಲನ್ನು ಬರೆಯುವುದು. ಆಗ ಡಿಸ್ಕ್ ಕೈಕೊಟ್ಟ ದಿನ ಡೇಟಾಬೇಸ್ ಮಾತ್ರ ನಿಲ್ಲುತ್ತದೆ, ಎಸ್‌ಎಸ್‌ಎಚ್ ಬರುತ್ತದೆ, ನಾನು ಒಳಹೋಗಿ ಡಿಸ್ಕಿನ ಸ್ಥಿತಿ ನೋಡಬಹುದು.

ಫೈಲ್‌ಸಿಸ್ಟಂ ತಪಾಸಣೆಗೂ ಇದೇ ವಿವೇಚನೆ ಅನ್ವಯಿಸುತ್ತದೆ. ಡಿಸ್ಕನ್ನು ಪರಿಶೀಲಿಸಿ ತಿದ್ದುವ ಎಫ್‌ಎಸ್‌ಸಿಕೆ ಕೇಳುವ ಪ್ರಶ್ನೆಗಳಿಗೆಲ್ಲ ಹೌದು ಎನ್ನುವಂತೆ ಕರ್ನಲ್ ಸಾಲಿನಲ್ಲಿ (ಬೂಟ್ ವೇಳೆ ಕರ್ನಲ್‌ಗೆ ಕೊಡುವ ಆಯ್ಕೆಗಳ ಸಾಲು) ಬರೆದಿಡಬಹುದು, ಅನೇಕರು ಹಾಗೆಯೇ ಮಾಡುತ್ತಾರೆ. ರೂಟ್ ಡಿಸ್ಕಿನ ಮಟ್ಟಿಗೆ ನಾನೂ ಒಪ್ಪುತ್ತೇನೆ. ಹಾಳಾದರೆ ಮತ್ತೆ ಇನ್‌ಸ್ಟಾಲ್ ಮಾಡಬಹುದಾದ ವಸ್ತು ಅದು. ರೈತರ ಸಾಲದ ಖಾತೆಗಳಿರುವ ಡಿಸ್ಕಿಗೆ ಯಂತ್ರವೇ ಕಣ್ಣುಮುಚ್ಚಿ ಹೌದು ಎನ್ನುವುದನ್ನು ನಾನು ಒಪ್ಪಲಾರೆ. ಆ ಕರ್ನಲ್ ಆಯ್ಕೆ ಎಲ್ಲ ಡಿಸ್ಕುಗಳಿಗೂ ಅನ್ವಯವಾಗುವುದರಿಂದ, ಖಾತೆಗಳ ಡಿಸ್ಕಿನ ಎಫ್‌ಎಸ್‌ಟ್ಯಾಬ್ ಸಾಲಿನ ಕೊನೆಯ ಅಂಕಿಯನ್ನು ಸೊನ್ನೆ ಮಾಡಿ ಬೂಟ್ ವೇಳೆಯ ತಪಾಸಣೆಯಿಂದಲೇ ಅದನ್ನು ಹೊರಗಿಡುತ್ತೇನೆ. ಬೂಟ್ ವೇಳೆ ಅದು ತಾನಾಗಿ ಮೌಂಟ್ ಆಗದಂತೆಯೂ ಇಡುತ್ತೇನೆ. ನೆಟ್‌ವರ್ಕ್ ಬಂದ ಮೇಲೆ ಒಂದು ಚಿಕ್ಕ ಸೇವೆ ಏನನ್ನೂ ತಿದ್ದದೆ ಅದನ್ನು ಪರಿಶೀಲಿಸುತ್ತದೆ, ದೋಷವಿಲ್ಲದಿದ್ದರೆ ಮಾತ್ರ ಮೌಂಟ್ ಆಗಿ ಡೇಟಾಬೇಸ್ ಆರಂಭವಾಗುತ್ತದೆ. ದೋಷ ಕಂಡ ದಿನ ದುರಸ್ತಿಗೆ ಮೊದಲು ಬ್ಯಾಕಪ್‌ನ ಸ್ಥಿತಿಯನ್ನು ನೋಡಿಕೊಂಡು, ಆಮೇಲೆ ನಾನೇ ಕೈಯಿಂದ ಆ ಆಜ್ಞೆ ಕೊಡುತ್ತೇನೆ.

ಇನ್ನು ಕೊನೆಯಿಲ್ಲದೆ ಕಾಯುವ ಸೇವೆಗಳು. ಸಾಮಾನ್ಯ ಸೇವೆಗಳಿಗೆ ಸಿಸ್ಟಮ್‌ಡಿ 90 ಸೆಕೆಂಡಿನ ಗಡುವು ಇಟ್ಟಿದೆ, ಆದರೆ ಒಮ್ಮೆ ಓಡಿ ಮುಗಿಯುವ ಒನ್‌ಶಾಟ್ ಎಂಬ ಬಗೆಯ ಸೇವೆಗಳಿಗೆ ಪೂರ್ವನಿಗದಿಯಂತೆ ಗಡುವೇ ಇಲ್ಲ. ತಂತ್ರಾಂಶ ಕೊಟ್ಟವರು ಬರೆದ ಸ್ಕ್ರಿಪ್ಟುಗಳು ಹೆಚ್ಚಾಗಿ ಇದೇ ಬಗೆಯವು. ಇಂಟರ್ನೆಟ್ ಬರುವವರೆಗೆ ಪಿಂಗ್ ಮಾಡುತ್ತಲೇ ಇರು ಎಂಬ ಒಂದು ಸುತ್ತು ಅವುಗಳೊಳಗಿದ್ದು, ಮೋಡೆಮ್ ಕೈಕೊಟ್ಟ ದಿನ ಬೂಟ್ ಅಲ್ಲೇ ನಿಂತುಬಿಡುತ್ತದೆ. ಪರದೆಯಲ್ಲಿ ಸೆಕೆಂಡುಗಳ ಮುಂದೆ ನೋ ಲಿಮಿಟ್ ಎಂದು ಕಂಡರೆ ಇದೇ ಎಂದು ತಿಳಿಯಬೇಕು. ಸೊಸೈಟಿಯ ಒಳಗಿನ ವ್ಯವಹಾರಕ್ಕೆ ಇಂಟರ್ನೆಟ್ ಬೇಕಿಲ್ಲದಿದ್ದರೂ ಎಲ್ಲವೂ ಅದರ ಹಿಂದೆ ಸಾಲುಗಟ್ಟಿ ನಿಂತಿರುತ್ತವೆ. ಅಂಥ ಪ್ರತಿಯೊಂದು ಸೇವೆಗೂ ಗಡುವು ಬರೆದು, ಎಸ್‌ಎಸ್‌ಎಚ್ ಅದರ ಹಿಂದೆ ನಿಲ್ಲದಂತೆ ಕ್ರಮವನ್ನು ತಿದ್ದುತ್ತೇನೆ.

ಈ ತೊಂದರೆ ಸಣ್ಣ ಊರುಗಳ ಯಂತ್ರಗಳದ್ದು ಮಾತ್ರವಲ್ಲ. 2019ರಲ್ಲಿ ಲಿನಕ್ಸ್ 5.3ರ ಬಿಡುಗಡೆಗೆ ಮುನ್ನ ಎಕ್ಸ್ಟ್4 ಫೈಲ್‌ಸಿಸ್ಟಂನಲ್ಲಿ ಡಿಸ್ಕ್ ಓದುವಿಕೆಯನ್ನು ಕಡಿಮೆ ಮಾಡುವ ಒಳ್ಳೆಯ ಸುಧಾರಣೆಯೊಂದನ್ನು ತಂದರು. ಕರ್ನಲ್ ಇಂಥ ಚಟುವಟಿಕೆಗಳ ಏರುಪೇರಿನಿಂದ ಯಾದೃಚ್ಛಿಕ, ಅಂದರೆ ಊಹಿಸಲಾಗದ ಸಂಖ್ಯೆಗಳನ್ನು ತಯಾರಿಸುತ್ತದೆ; ಡಿಸ್ಕ್ ಚಟುವಟಿಕೆ ತಗ್ಗಿದ್ದರಿಂದ ಅವುಗಳಿಗೆ ಬೇಕಾದಷ್ಟು ಆಧಾರ ಸಿಗದೆ ಕೆಲವು ಯಂತ್ರಗಳು ಬೂಟ್ ನಡುವೆಯೇ ನಿಂತವು. ಎದುರಿಗೆ ಕುಳಿತವರು ಕೀಲಿ ಒತ್ತಿದರೆ, ಮೌಸ್ ಅಲ್ಲಾಡಿಸಿದರೆ ಮುಂದೆ ಸಾಗುವ ಬಗೆಯ ತೊಡಕು ಅದು. ಆದರೆ ಬೀರುವಿನ ಪಕ್ಕದ ಸರ್ವರ್‌ಗೆ ಮೌಸ್ ಎಲ್ಲಿಯದು? ಆ ಸುಧಾರಣೆಯನ್ನು ಹಿಂತೆಗೆದುಕೊಂಡೇ 5.3 ಹೊರಬಂತು, 5.4ರಲ್ಲಿ ಕರ್ನಲ್ ತಾನೇ ಆ ಆಧಾರವನ್ನು ಒದಗಿಸಿಕೊಳ್ಳುವ ಏರ್ಪಾಡು ಬಂತು. 2024ರ ಜುಲೈ 19ರಂದು ಕ್ರೌಡ್‌ಸ್ಟ್ರೈಕ್ ಕಂಪನಿಯ ಭದ್ರತಾ ತಂತ್ರಾಂಶದ ದೋಷವಿದ್ದ ಅಪ್‌ಡೇಟ್‌ನಿಂದ, ಮೈಕ್ರೋಸಾಫ್ಟ್ ಅಂದಾಜಿನಂತೆ, 85 ಲಕ್ಷ ವಿಂಡೋಸ್ ಯಂತ್ರಗಳು ಕುಸಿದುಬಿದ್ದಾಗ, ಅವುಗಳಲ್ಲಿ ಬಹಳಷ್ಟರ ಎದುರು ಒಬ್ಬೊಬ್ಬರು ಹೋಗಿ ಕುಳಿತು ಸೇಫ್ ಮೋಡ್‌ನಲ್ಲಿ ಒಂದು ಕಡತ ಅಳಿಸಬೇಕಾಯಿತು. ತಿದ್ದುವ ಕೆಲಸ ನಿಮಿಷಗಳದ್ದು, ಅಲ್ಲಿಗೆ ತಲುಪುವುದೇ ದೊಡ್ಡ ಕೆಲಸ.

ಯಂತ್ರದಿಂದ ಆಗಾಗ ಉತ್ತರ ಬರುತ್ತಿದೆಯೇ ಎಂದು ಕಾಯುವ ವಾಚ್‌ಡಾಗ್ ಹಾಕಿದರೆ ಎಲ್ಲ ಸರಿಹೋಗುತ್ತದೆ ಎಂದು ನಂಬುವವರಿದ್ದಾರೆ. ಯಂತ್ರ ಪೂರ್ತಿ ಸ್ತಬ್ಧವಾದಾಗ ಅದು ರೀಬೂಟ್ ಮಾಡುತ್ತದೆ, ನಿಜ. ಆದರೆ ಎಮರ್ಜೆನ್ಸಿ ಮೋಡ್‌ನಲ್ಲಿ ಪಾಸ್‌ವರ್ಡಿಗಾಗಿ ಕಾಯುವಾಗ ಸಿಸ್ಟಮ್‌ಡಿ ಜೀವಂತವಾಗಿದ್ದು ವಾಚ್‌ಡಾಗ್‌ಗೆ ಸಮಯಕ್ಕೆ ಸರಿಯಾಗಿ ಉತ್ತರಿಸುತ್ತಲೇ ಇರುತ್ತದೆ, ಹಾಗಾಗಿ ನಾನು ಮೇಲೆ ಹೇಳಿದ ತೊಡಕುಗಳಿಗೆ ಅದರಿಂದ ಪ್ರಯೋಜನವಿಲ್ಲ. ಕರ್ನಲ್ ಪ್ಯಾನಿಕ್ ಆದರೆ, ಅಂದರೆ ಚೇತರಿಸಿಕೊಳ್ಳಲಾಗದ ದೋಷಕ್ಕೆ ಸಿಕ್ಕಿದರೆ, 10 ಸೆಕೆಂಡಿನಲ್ಲಿ ರೀಬೂಟ್ ಆಗು ಎಂಬ ಆಯ್ಕೆ ಮಾತ್ರ ಎಲ್ಲ ಯಂತ್ರಗಳಲ್ಲೂ ಇರಬೇಕು, ಏಕೆಂದರೆ ಕರ್ನಲ್‌ನ ಪೂರ್ವನಿಗದಿ ಕೊನೆಯವರೆಗೂ ಹಾಗೆಯೇ ನಿಂತಿರುವುದು. ಬೂಟ್ ಸಂದೇಶಗಳನ್ನು ಮುಚ್ಚುವ ಕ್ವಯಟ್, ಸ್ಪ್ಲ್ಯಾಶ್ ಪದಗಳನ್ನು ಕರ್ನಲ್ ಸಾಲಿನಿಂದ ತೆಗೆದುಹಾಕಿದರೆ ಅಟೆಂಡರ್ ಕಳಿಸುವ ಫೋಟೋದಲ್ಲಿ ಲಾಂಛನದ ಬದಲು ಓದುವಂಥ ಸಾಲುಗಳಿರುತ್ತವೆ. ಸಿಸ್ಟಮ್‌ಡಿ ಬರೆದಿಡುವ ದಾಖಲೆಯಾದ ಜರ್ನಲ್, ಡಿಸ್ಕಿನಲ್ಲಿ ಉಳಿಯುವಂತೆ ಮಾಡಿದರೆ ಹಿಂದಿನ ಬೂಟ್‌ನಲ್ಲಿ ಏನಾಯಿತು ಎಂಬುದನ್ನು ಆಮೇಲೂ ನೋಡಬಹುದು. ಹಣವಿರುವ ಕಡೆ ಐಡ್ರ್ಯಾಕ್, ಐಎಲ್‌ಒನಂಥ ದೂರನಿಯಂತ್ರಣ ಘಟಕ ಇರುವ ಸರ್ವರ್ ತೆಗೆದುಕೊಳ್ಳಿ ಎನ್ನುತ್ತೇನೆ. ಬಯೋಸ್ ಪರದೆಯೂ ಮಂಡ್ಯದಲ್ಲೇ ಕಾಣುವುದರಿಂದ, ಓಡಾಟದ ಖರ್ಚನ್ನು ಲೆಕ್ಕ ಹಾಕಿದರೆ ಅದು ದುಬಾರಿಯಲ್ಲ.

ಯುಪಿಎಸ್‌ನಲ್ಲೂ ಒಂದು ಸಂದಿ ಇದೆ. ಬ್ಯಾಟರಿ ಇಳಿದು ಯಂತ್ರ ಕ್ರಮಬದ್ಧವಾಗಿ ಶಟ್‌ಡೌನ್ ಆಗುತ್ತಿರುವಾಗಲೇ ಕರೆಂಟ್ ಬಂದುಬಿಟ್ಟರೆ, ಯುಪಿಎಸ್ ಔಟ್‌ಪುಟ್ ಕಡಿತಗೊಳ್ಳುವುದೇ ಇಲ್ಲ. ಯಂತ್ರದ ಪಾಲಿಗೆ ಕರೆಂಟ್ ಹೋಗಲೂ ಇಲ್ಲ, ಬರಲೂ ಇಲ್ಲ. ಹಾಗಾಗಿ ಬಯೋಸ್‌ನ ಆಯ್ಕೆ ಸರಿಯಾಗಿದ್ದರೂ ಅದು ಆಫ್ ಆಗಿಯೇ ಉಳಿಯುತ್ತದೆ. ಶಟ್‌ಡೌನ್‌ನ ಕೊನೆಯಲ್ಲಿ ಯುಪಿಎಸ್ ಔಟ್‌ಪುಟ್ಟನ್ನು ಕಡಿದು ಮತ್ತೆ ಕೊಡುವಂತೆ ಯುಪಿಎಸ್ ಮೇಲೆ ಕಣ್ಣಿಡುವ ನಟ್ ಎಂಬ ತಂತ್ರಾಂಶದಲ್ಲಿ ಏರ್ಪಾಡು ಮಾಡಬಹುದು, ಯುಪಿಎಸ್ ಅದಕ್ಕೆ ಒಪ್ಪುವಂಥದ್ದಾಗಿರಬೇಕು ಅಷ್ಟೆ. ಖರೀದಿಗೆ ಮೊದಲೇ ಇದನ್ನು ವಿಚಾರಿಸುವುದು ಒಳ್ಳೆಯದು.

ಶಾಖೆಗೆ ಒಪ್ಪಿಸುವ ಮುನ್ನ ಪ್ರತಿಯೊಂದು ಯಂತ್ರವನ್ನೂ ಮಂಡ್ಯದ ಮೇಜಿನ ಮೇಲೆ ಪ್ಲಗ್ ಕಿತ್ತು ಪರೀಕ್ಷಿಸುತ್ತೇನೆ: ಕೀಬೋರ್ಡ್, ಮಾನಿಟರ್ ತೆಗೆದು ಒಮ್ಮೆ, ನೆಟ್‌ವರ್ಕ್ ಕೇಬಲ್ ತೆಗೆದು ಒಮ್ಮೆ, ಬ್ಯಾಕಪ್ ಡಿಸ್ಕ್ ತೆಗೆದು ಒಮ್ಮೆ, ಬೂಟ್ ಅರ್ಧ ಆಗಿರುವಾಗಲೇ ಕರೆಂಟ್ ಕಡಿದು ಇನ್ನೊಮ್ಮೆ. ಕೇಬಲ್ ತೆಗೆದ ಪರೀಕ್ಷೆಯಲ್ಲಿ, ಕೆಲವು ನಿಮಿಷ ಬಿಟ್ಟು ಅದನ್ನು ಮತ್ತೆ ಸಿಗಿಸಿದಾಗ ಯಂತ್ರ ತಾನಾಗಿ ನೆಟ್‌ವರ್ಕ್ ಹಿಡಿಯುತ್ತದೆಯೇ ಎಂಬುದನ್ನೂ ನೋಡಬೇಕು, ಏಕೆಂದರೆ ಹಳ್ಳಿಯ ಶಾಖೆಗಳಲ್ಲಿ ಸರ್ವರ್ ಎದ್ದ ಎಷ್ಟೋ ಹೊತ್ತಿನ ಮೇಲೆ ಮೋಡೆಮ್ ಏಳುತ್ತದೆ.