ಪ್ಲೇಟಿಗೆ ಹಾಕಿದ ಕರ್ಕ್ಯುಮಿನ್, ರಕ್ತಕ್ಕೆ ಸೇರುವ ಕರ್ಕ್ಯುಮಿನ್

ಪೋಷಕಾಂಶ ಮತ್ತು ಕ್ಯಾನ್ಸರ್ ಸಂಶೋಧನೆಗೆ ಹೊಸದಾಗಿ ಸೇರುವವರ ಕೈಗೆ ಬಹುಬೇಗ ಸಿಗುವ ಫಲಿತಾಂಶವೆಂದರೆ 'ಕ್ಯಾನ್ಸರ್ ಕೋಶಗಳು ಸತ್ತವು' ಎಂಬುದು. ಪ್ಲೇಟಿನಲ್ಲಿ ಕೋಶ ಸಾಯಿಸುವುದು ಕಷ್ಟವಲ್ಲ, ಅವನ್ನು ಬೆಳೆಸುವ ಪೋಷಕ ದ್ರವದಲ್ಲಿ, ಅಂದರೆ ಮೀಡಿಯಂನಲ್ಲಿ, ಉಪ್ಪು ಹೆಚ್ಚಾದರೂ ಅವು ಸಾಯುತ್ತವೆ. ಕೊಂದದ್ದು ನೀವು ಹಾಕಿದ ವಸ್ತುವೇ, ಅಷ್ಟು ಪ್ರಮಾಣ ಮನುಷ್ಯನ ರಕ್ತದಲ್ಲಿ ಸಿಗುತ್ತದೆಯೇ? ಇವೆರಡಕ್ಕೆ ಉತ್ತರ ಸಿಗುವವರೆಗೂ ಆ ಫಲಿತಾಂಶಕ್ಕೆ ಬೆಲೆಯಿಲ್ಲ.

ಅರಿಶಿನದ ಕರ್ಕ್ಯುಮಿನ್ ತೆಗೆದುಕೊಳ್ಳೋಣ. 3.68 ಮಿಗ್ರಾಂ ಪುಡಿಯನ್ನು ಡಿಎಂಎಸ್ಒ ಎಂಬ ದ್ರಾವಕದ 1 ಮಿಲೀಯಲ್ಲಿ ಕರಗಿಸಿದರೆ 10 ಮಿಲಿಮೋಲಾರ್ ಸ್ಟಾಕ್ (ಮೂಲ ದ್ರಾವಣ). ಸಾವಿರ ಪಟ್ಟು ತೆಳುಮಾಡಿದರೆ 10 ಮೈಕ್ರೋಮೋಲಾರ್, ಜೊತೆಗೆ ಶೇ. 0.1 ಡಿಎಂಎಸ್ಒ. ಪ್ಲೇಟಿನಲ್ಲಿ ಕರ್ಕ್ಯುಮಿನ್ ಹಾಕದ ಗುಳಿಗಳಿಗೂ, ಅಂದರೆ ಕಂಟ್ರೋಲ್ ವೆಲ್‌ಗಳಿಗೂ ಅಷ್ಟೇ ಡಿಎಂಎಸ್ಒ ಬೀಳಬೇಕು. ಸ್ಟಾಕನ್ನು ಸಣ್ಣ ಸಣ್ಣ ಟ್ಯೂಬ್‌ಗಳಿಗೆ ಹಂಚಿ, ಬೆಳಕು ತಾಗದಂತೆ ಫಾಯಿಲ್ ಸುತ್ತಿ ಫ್ರೀಜ್ ಮಾಡಿ. ಡಬ್ಬಿಯ ಮೇಲೆ ಕರ್ಕ್ಯುಮಿನ್ ಎಂದಿದ್ದರೂ ಒಳಗೆ ಸಾಮಾನ್ಯವಾಗಿ ಒಂದನ್ನೊಂದು ಹೋಲುವ ಮೂರು ಕರ್ಕ್ಯುಮಿನಾಯ್ಡ್‌ಗಳ ಮಿಶ್ರಣವಿರುತ್ತದೆ. ಬ್ಯಾಚ್ ಬದಲಾದಾಗಲೆಲ್ಲ, ಮಿಶ್ರಣದ ಘಟಕಗಳನ್ನು ಬೇರ್ಪಡಿಸಿ ಅಳೆಯುವ ಎಚ್‌ಪಿಎಲ್‌ಸಿಯಲ್ಲಿ ನೋಡಿಕೊಳ್ಳಿ.

ತೊಂದರೆ ಶುರುವಾಗುವುದು ವೆಲ್‌ಗೆ ಹಾಕಿದ ಮೇಲೆ. ಸೀರಂ (ರಕ್ತ ಹೆಪ್ಪುಗಟ್ಟಿದ ಮೇಲೆ ಉಳಿಯುವ ತಿಳಿ ದ್ರವ) ಇಲ್ಲದ, ಪಿಎಚ್ 7.2ರ ಬಫರ್‌ನಲ್ಲಿ, 37 ಡಿಗ್ರಿಯಲ್ಲಿ ಅರ್ಧ ಗಂಟೆಯೊಳಗೆ ಕರ್ಕ್ಯುಮಿನ್‌ನ ಸುಮಾರು ಶೇ. 90 ಒಡೆದು ಹೋಗುತ್ತದೆ. ಶೇ. 10 ಸೀರಂ ಇದ್ದರೆ ಎಂಟು ಗಂಟೆಯ ಹೊತ್ತಿಗೆ ಅರ್ಧದಷ್ಟು ಉಳಿದಿರುತ್ತದೆ. ಅಂದರೆ 48 ಗಂಟೆಯ ಪ್ರಯೋಗದ ಬಹುಪಾಲು ಅವಧಿ ಕೋಶಗಳು ಒಡೆದ ಚೂರುಗಳ ನಡುವೆಯೇ ಇರುತ್ತವೆ. ಒಬ್ಬರು ಸೀರಂ ಹಾಕಿ, ಇನ್ನೊಬ್ಬರು ಹಾಕದೆ ಮಾಡಿದರೆ ಫಲಿತಾಂಶ ಹೊಂದುವುದಿಲ್ಲ. ಅದಕ್ಕೆ ಯಾರ ಕೈಚಳಕವನ್ನೂ ದೂರಬೇಕಿಲ್ಲ.

ಎಷ್ಟು ಕೋಶ ಬದುಕಿವೆ ಎಂದು ಬಣ್ಣದಿಂದ ಅಳೆಯುವ ಎಂಟಿಟಿ ಪರೀಕ್ಷೆಯೂ ಇಲ್ಲಿ ಮೋಸ ಮಾಡುತ್ತದೆ. ಜೀವಂತ ಕೋಶ ಹಳದಿ ಎಂಟಿಟಿಯನ್ನು ನೇರಳೆಗೆ ತಿರುಗಿಸುತ್ತದೆ, ಅದನ್ನು 570 ನ್ಯಾನೋಮೀಟರ್‌ನಲ್ಲಿ ಓದುತ್ತೇವೆ. ಕರ್ಕ್ಯುಮಿನ್ ಸೇರಿರುವ ಗುಂಪಿನ, ಗಿಡಗಳಲ್ಲಿ ಸಿಗುವ ಹಲವು ಪಾಲಿಫಿನಾಲ್‌ಗಳು ಕೋಶವೇ ಇಲ್ಲದಿದ್ದರೂ ಇದೇ ಕೆಲಸ ಮಾಡಿ, ಸತ್ತದ್ದನ್ನು ಬದುಕಿದಂತೆ ತೋರಿಸುತ್ತವೆ. ಪ್ರತಿ ಪ್ರಮಾಣಕ್ಕೂ ಕೋಶವಿಲ್ಲದ ಮೂರು ವೆಲ್ ಇಡಿ. ಎಂಟಿಟಿ ಹಾಕುವ ಮೊದಲು ಮೀಡಿಯಂ ತೆಗೆದು, ಉಪ್ಪಿನ ಬಫರ್ ಆದ ಪಿಬಿಎಸ್‌ನಲ್ಲಿ ತೊಳೆಯಿರಿ. ಸತ್ತ ಕೋಶಗಳಿಗೆ ಮಾತ್ರ ಹಿಡಿಯುವ ಟ್ರಿಪಾನ್ ಬ್ಲೂ ಬಣ್ಣ ಹಾಕಿ ಎಣಿಸಿದ ಲೆಕ್ಕವೂ ಅದನ್ನೇ ಹೇಳಿದರೆ ಮಾತ್ರ ನಂಬಿ.

ವಿಟಮಿನ್ ಸಿ ಮತ್ತು ಗ್ರೀನ್ ಟೀಯ ಇಜಿಸಿಜಿ ಎಂಬ ಪಾಲಿಫಿನಾಲ್‌ನಲ್ಲಿ ಇನ್ನೊಂದು ಬಲೆ. ಮೀಡಿಯಂನಲ್ಲೇ ಅವು ಆಕ್ಸಿಡೀಕರಣಗೊಂಡು ಹೈಡ್ರೋಜನ್ ಪೆರಾಕ್ಸೈಡ್ ಹುಟ್ಟಿಸುತ್ತವೆ, ಕೋಶ ಸಾಯುವುದು ಅದರಿಂದ. ಪೆರಾಕ್ಸೈಡನ್ನು ಒಡೆಯುವ ಕಿಣ್ವವಾದ ಕ್ಯಾಟಲೇಸ್ ಸೇರಿಸಿದ ಒಂದು ಸಾಲು, ಕುದಿಸಿ ಕೆಡಿಸಿದ ಕ್ಯಾಟಲೇಸ್ ಸೇರಿಸಿದ ಇನ್ನೊಂದು ಸಾಲು ಇಟ್ಟರೆ ಗುಟ್ಟು ಬಯಲಾಗುತ್ತದೆ. ಪೈರುವೇಟ್ ಎಂಬ ಪೋಷಕ ವಸ್ತು ಇರುವ ಡಿಎಂಇಎಂ ಮೀಡಿಯಂನಲ್ಲಿ ಪೆರಾಕ್ಸೈಡ್ ಹೀರಲ್ಪಡುತ್ತದೆ, ಸಾಧಾರಣ ಆರ್‌ಪಿಎಂಐಯಲ್ಲಿ ಪೈರುವೇಟ್ ಇರುವುದಿಲ್ಲ. ಹಾಗಾಗಿ ವರದಿಯಲ್ಲಿ ಮೀಡಿಯಂನ ಹೆಸರಷ್ಟೇ ಸಾಲದು, ಪೈರುವೇಟ್ ಇತ್ತೇ ಎಂದೂ ಬರೆಯಬೇಕು.

ಇನ್ನು ರಕ್ತದ ಲೆಕ್ಕ. 2001ರಲ್ಲಿ ಪ್ರಕಟವಾದ ತೈವಾನ್‌ನ ಪ್ರಯೋಗದಲ್ಲಿ ದಿನಕ್ಕೆ 8 ಗ್ರಾಂ ಕರ್ಕ್ಯುಮಿನ್ ನುಂಗಿದವರ ಸೀರಂನಲ್ಲಿ ಸರಾಸರಿ ಗರಿಷ್ಠ ಮಟ್ಟ 1.8 ಮೈಕ್ರೋಮೋಲಾರ್‌ನ ಆಸುಪಾಸು. ನಾವು ಪ್ಲೇಟಿಗೆ ಹಾಕುವುದು 10ರಿಂದ 50. ಅರಿಶಿನ ಪುಡಿಯಲ್ಲಿ ಶೇ. 3 ಕರ್ಕ್ಯುಮಿನ್ ಎಂದುಕೊಂಡರೂ 8 ಗ್ರಾಂಗೆ ಕಾಲು ಕೆಜಿಗಿಂತ ಹೆಚ್ಚು ಪುಡಿ ಬೇಕು. ಬೆಂಗಳೂರಿನ ಸೇಂಟ್ ಜಾನ್ಸ್ ಮೆಡಿಕಲ್ ಕಾಲೇಜಿನ 1998ರ ಅಧ್ಯಯನವನ್ನು ಕ್ಯಾಪ್ಸೂಲ್ ಮಾರುವವರೆಲ್ಲ ಎತ್ತಿ ಹೇಳುತ್ತಾರೆ: 2 ಗ್ರಾಂ ಕರ್ಕ್ಯುಮಿನ್ ಜೊತೆ ಕರಿಮೆಣಸಿನ ಪೈಪರಿನ್ 20 ಮಿಗ್ರಾಂ ಕೊಟ್ಟಾಗ ರಕ್ತಕ್ಕೆ ಸೇರುವ ಪ್ರಮಾಣ ಶೇ. 2000 ಹೆಚ್ಚಿತು. ಅಧ್ಯಯನ ಚೆನ್ನಾಗಿದೆ. ಆದರೆ ಪೈಪರಿನ್ ಇಲ್ಲದಾಗ ಸಿಕ್ಕ ಮಟ್ಟ ತೀರಾ ಕಡಿಮೆಯಿತ್ತು ಎಂಬುದನ್ನು ಜೊತೆಗೇ ಹೇಳಬೇಕು. ರಕ್ತದಲ್ಲಿ ಕಾಣುವ ಬಹುಪಾಲು ಕರ್ಕ್ಯುಮಿನ್ ದೇಹವು ಹೊರಹಾಕಲೆಂದು ಜೋಡಿಸುವ ಗ್ಲುಕುರೊನೈಡ್ ಅಥವಾ ಸಲ್ಫೇಟ್ ಅಂಟಿಕೊಂಡದ್ದು. ಕಿಣ್ವದಿಂದ ಅದನ್ನು ಬಿಡಿಸಿ ಅಳೆದ ಅಂಕಿಯನ್ನು 'ಒಟ್ಟು' ಎಂದೇ ಬರೆಯಿರಿ.

ಮಟ್ಟ ಸಿಕ್ಕಿದರೂ ಒಳಿತಾಗುತ್ತದೆಂಬ ಖಾತರಿಯಿಲ್ಲ. ಫಿನ್‌ಲ್ಯಾಂಡಿನ 29,133 ಧೂಮಪಾನಿ ಗಂಡಸರ ಮೇಲೆ ನಡೆದ ಎಟಿಬಿಸಿ ಪ್ರಯೋಗದಲ್ಲಿ ದಿನಕ್ಕೆ 20 ಮಿಗ್ರಾಂ ಬೀಟಾ ಕೆರೋಟಿನ್ ತಿಂದವರಲ್ಲಿ ಶ್ವಾಸಕೋಶದ ಕ್ಯಾನ್ಸರ್ ಶೇ. 18 ಹೆಚ್ಚಾಯಿತು. ಆ ವರದಿ ಬಂದದ್ದು 1994ರಲ್ಲಿ. ಅದರ ಹಿಂದಿನ ವರ್ಷವಷ್ಟೇ ಚೀನಾದ ಲಿನ್‌ಶಿಯನ್‌ನಿಂದ ತದ್ವಿರುದ್ಧ ಸುದ್ದಿ ಬಂದಿತ್ತು: ಬೀಟಾ ಕೆರೋಟಿನ್, ವಿಟಮಿನ್ ಇ, ಸೆಲೆನಿಯಂ ಮೂರನ್ನೂ ಕೊಟ್ಟಾಗ ಹೊಟ್ಟೆಯ ಕ್ಯಾನ್ಸರ್ ಸಾವು ಶೇ. 21 ಇಳಿಯಿತು. ಅಲ್ಲಿನ ಜನರ ಊಟದಲ್ಲಿ ಪೋಷಕಾಂಶಗಳ ಕೊರತೆಯಿತ್ತು. ಆದ್ದರಿಂದ ಪ್ರಯೋಗಕ್ಕೆ ಸೇರಿಸಿಕೊಳ್ಳುವ ಮೊದಲೇ ರಕ್ತದ ಮಟ್ಟ ಅಳೆದು, ಧೂಮಪಾನದ ವಿವರ ಬರೆದಿಡಿ. ಕೊರತೆ ಇರುವವರನ್ನೂ ಇಲ್ಲದವರನ್ನೂ ಒಟ್ಟಿಗೆ ಕಲಸಿದರೆ ಪರಿಣಾಮ ಎರಡು ಕಡೆಯಿಂದಲೂ ಮುಚ್ಚಿಹೋಗುತ್ತದೆ.

ವಾರ್ಡಿನ ಕೆಲಸಕ್ಕೆ ಬಂದರೆ, ರಕ್ತನಾಳದ ಮೂಲಕ ಹೆಚ್ಚು ವಿಟಮಿನ್ ಸಿ ಕೊಡುವ ಪ್ರಯೋಗದಲ್ಲಿ ಜಿ6ಪಿಡಿ ಎಂಬ ಕಿಣ್ವದ ಪರೀಕ್ಷೆ ಮೊದಲು ಆಗಲೇಬೇಕು. ಆ ಕಿಣ್ವದ ಕೊರತೆ ಇದ್ದವರಲ್ಲಿ ಕೆಂಪು ರಕ್ತಕಣಗಳು ಒಡೆಯುತ್ತವೆ. ಡ್ರಿಪ್ ಆದ ಮೇಲೆ ಕೆಲವು ಗ್ಲುಕೋಮೀಟರ್‌ಗಳು ಸಕ್ಕರೆಯನ್ನು ಸುಳ್ಳಾಗಿ ಹೆಚ್ಚು ತೋರಿಸುತ್ತವೆ. ಅದನ್ನು ನೋಡಿ ಇನ್ಸುಲಿನ್ ಕೊಟ್ಟರೆ ಜೀವಕ್ಕೇ ಅಪಾಯ, ಪ್ರಯೋಗಾಲಯದ ರಕ್ತ ಪರೀಕ್ಷೆಯನ್ನೇ ನೋಡಬೇಕು. ಬೋರ್ಟೆಜೊಮಿಬ್ ಎಂಬ ಕ್ಯಾನ್ಸರ್ ಔಷಧ ಪಡೆಯುವವರು ಗ್ರೀನ್ ಟೀ ಕ್ಯಾಪ್ಸೂಲ್ ನುಂಗಬಾರದು, ಇಜಿಸಿಜಿ ಆ ಔಷಧಕ್ಕೇ ಅಂಟಿಕೊಳ್ಳುತ್ತದೆ. ಇನ್ನೊಂದು ಕ್ಯಾನ್ಸರ್ ಔಷಧವಾದ ಕ್ಯಾಪೆಸಿಟಬಿನ್ ಜೊತೆ ಫೋಲಿಕ್ ಆಸಿಡ್ ಸೇರಿದರೆ ಅಡ್ಡಪರಿಣಾಮ ಹೆಚ್ಚಬಹುದು. 'ಬೇರೆ ಔಷಧಿ ಏನಾದರೂ ತಗೊಳ್ತೀರಾ?' ಎಂದು ಕೇಳಿದರೆ ಬಹಳ ಜನ ಇಲ್ಲ ಎನ್ನುತ್ತಾರೆ, ಏಕೆಂದರೆ ಇವು ಅವರ ಲೆಕ್ಕದಲ್ಲಿ ಔಷಧಿಯಲ್ಲ. ಫಾರ್ಮಿನಲ್ಲಿ ಪುಡಿ, ಕಷಾಯ, ವಿಟಮಿನ್ ಮಾತ್ರೆ, ಕ್ಯಾಪ್ಸೂಲ್ ಎಂದು ಒಂದೊಂದನ್ನೂ ಬೇರೆಬೇರೆಯಾಗಿ ಕೇಳಿ. ಮುಂದಿನ ಸಲ ಬರುವಾಗ ಡಬ್ಬಿಯನ್ನೇ ತರಲು ಹೇಳಿ.